ಟಕೋಮಾ ತಾಮ್ರದ ಕುಲುಮೆಯೂ ನೆರೆಯ ನಿವಾಸಭೂಮಿಯೂ

ಲೋಹದ ಅದಿರನ್ನು ಕರಗಿಸುವ ಕುಲುಮೆಗಳು ದಶಕಗಟ್ಟಲೆ ಉಗುಳಿದ ಹೊಗೆಯೊಡನೆ ಹಾರಿಬಂದು ಸುತ್ತಲಿನ ನೆಲದಲ್ಲಿ ನೆಲೆನಿಂತ ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ ಮೊದಲಾದ ಧಾತುಗಳು, ಆ ಕುಲುಮೆ ಆರಿಹೋಗಿ ಬಹುಕಾಲ ಕಳೆದ ತರುವಾಯವೂ, ಅಲ್ಲಿ ಮನೆಮಾಡಿಕೊಂಡಿರುವ ಜನರ, ವಿಶೇಷವಾಗಿ ಎಳೆಯ ಮಕ್ಕಳ, ಆರೋಗ್ಯಕ್ಕೆ ಅಪಾಯವಾಗಿ ಪರಿಣಮಿಸುತ್ತವೆ. ಇಂಥ ಮಾಲಿನ್ಯದ ನಿದರ್ಶನಗಳು ಅನೇಕ ದೇಶಗಳಲ್ಲಿ ದೊರೆಯುವುವಾದರೂ, ಅಮೆರಿಕ ಸಂಯುಕ್ತ ಸಂಸ್ಥಾನದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದ ನಿದರ್ಶನವು ಎರಡು ಕಾರಣಗಳಿಂದ ಗಮನಾರ್ಹವಾದುದು: ಮಲಿನವಾದ ಪ್ರದೇಶದ ವಿಸ್ತಾರದಲ್ಲಿ ಅದಕ್ಕೆ ಸಮನಾದುವು ವಿರಳ; ಮತ್ತು, ಎಷ್ಟು ಮಾಲಿನ್ಯವನ್ನು ಸಹಿಸಬಹುದು ಎಂಬ ಪ್ರಶ್ನೆಯನ್ನು ತಜ್ಞರ ಕೊಠಡಿಯಿಂದ ಹೊರಕ್ಕೆ ತಂದು ಊರಿನ ಜನರ ಮುಂದೆಯೇ ಇಟ್ಟ ಪ್ರಯೋಗವೂ ಅಲ್ಲಿ ನಡೆಯಿತು.

ಪ್ಯೂಜೆಟ್ ಸೌಂಡ್ ಎಂಬ ಕಡಲ ಒಳಚಾಚಿನ ದಕ್ಷಿಣ ಭಾಗದಲ್ಲಿ, ಕಮೆನ್ಸ್‌ಮೆಂಟ್ ಕೊಲ್ಲಿಯ ದಂಡೆಯ ಮೇಲೆ, 1890ರಲ್ಲಿ ಸೀಸದ ಅದಿರನ್ನು ಕರಗಿಸುವ ಕಾರ್ಖಾನೆಯೊಂದು ಕೆಲಸವನ್ನಾರಂಭಿಸಿತು. ಅದರ ಒಡೆತನವನ್ನು ವಹಿಸಿಕೊಂಡು ಬೆಳೆಸಿದವನು ವಿಲಿಯಂ ರಸ್ಟ್. ಕಾರ್ಖಾನೆಯ ಸುತ್ತ ಎದ್ದ ಕಾರ್ಮಿಕರ ಪುಟ್ಟ ಊರು 1906ರಲ್ಲಿ ಪುರಸಭೆಯಾದಾಗ ಅವನ ಹೆಸರನ್ನೇ ತಳೆದು ರಸ್ಟನ್ ಎನಿಸಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲೇ, 1905ರಲ್ಲಿ, ಕಾರ್ಖಾನೆಯು ಅಸಾರ್ಕೋ ಎಂದು ಪ್ರಸಿದ್ಧವಾದ ಅಮೆರಿಕನ್ ಸ್ಮೆಲ್ಟಿಂಗ್ ಅಂಡ್ ರಿಫೈನಿಂಗ್ ಕಂಪೆನಿಯ ಕೈಸೇರಿತ್ತು. 1912ರ ಸುಮಾರಿಗೆ ಸೀಸವನ್ನು ಬಿಟ್ಟು ತಾಮ್ರದ ಕೆಲಸಕ್ಕೆ ತಿರುಗಿಕೊಂಡ ಈ ಕುಲುಮೆ, ಇತರ ಕುಲುಮೆಗಳು ಮುಟ್ಟಲು ಹಿಂಜರಿಯುತ್ತಿದ್ದ, ಆರ್ಸೆನಿಕ್ ಅಧಿಕವಾಗಿ ಬೆರೆತ ತಾಮ್ರದ ಅದಿರನ್ನು ಸಂಸ್ಕರಿಸುವುದರಲ್ಲಿ ವಿಶೇಷ ನೈಪುಣ್ಯವನ್ನು ಗಳಿಸಿತು. ಫಿಲಿಪ್ಪೀನ್ಸ್ ದ್ವೀಪಗಳ ಲೆಪಾಂಟೊ ಗಣಿಯ ಅದಿರು ಸಾಗರವನ್ನು ದಾಟಿ ಬಂದು ಇಲ್ಲಿ ಕರಗುತ್ತಿದ್ದುದು ಇದೇ ಕಾರಣದಿಂದ. ತಾಮ್ರದೊಡನೆ ಉಪೋತ್ಪನ್ನವಾಗಿ ದೊರೆಯುತ್ತಿದ್ದ ಶಂಖಪಾಷಾಣವು, ಎಂದರೆ ಬಿಳಿಯ ಆರ್ಸೆನಿಕ್ ಟ್ರೈಆಕ್ಸೈಡು, ಕೀಟನಾಶಕಗಳಿಗೆ, ಮರದ ಸಂರಕ್ಷಕಗಳಿಗೆ ಮತ್ತು ಗಾಜಿನ ಉದ್ಯಮಕ್ಕೆ ಬೇಕಾದುದಾಗಿತ್ತು. ಕಾರ್ಖಾನೆಯ ಕೊನೆಗಾಲದಲ್ಲಿ ಇಡೀ ಅಮೆರಿಕದಲ್ಲಿ ಅದನ್ನು ತಯಾರಿಸುತ್ತಿದ್ದ ಸ್ಥಳ ಇದೊಂದೇ. ಇಲ್ಲಿಯ ಮಣ್ಣು ಏಕೆ ಹೀಗಾಯಿತು ಎಂಬುದರ ವಿವರಣೆಯು ಬಹುಮಟ್ಟಿಗೆ ಈ ಸಂಗತಿಯಲ್ಲಿಯೇ ಅಡಗಿದೆ.

ಆರ್ಸೆನಿಕ್ಕಿನ ಸ್ವಭಾವ ವಿಲಕ್ಷಣವಾದುದು. ತಾಮ್ರ ಕರಗುವ ಉಷ್ಣತೆಯಲ್ಲಿ ಅದು ಕರಗಿ ಕೆಳಗುಳಿಯುವುದಿಲ್ಲ. ಗಾಳಿಯ ಆಮ್ಲಜನಕದೊಡನೆ ಕೂಡಿ ಆವಿಯಾಗಿ ಮೇಲೇಳುತ್ತದೆ. ಈ ಆವಿಯನ್ನು ಇಟ್ಟಿಗೆಯ ದೊಡ್ಡ ಕೋಣೆಗಳ ಮೂಲಕ ಹಾಯಿಸಿ ತಣಿಸಿದರೆ ಅದು ಬಿಳಿಯ ಪುಡಿಯಾಗಿ ಗೋಡೆಗಳಿಗೂ ನೆಲಕ್ಕೂ ಅಂಟುವುದು. ಅದನ್ನು ಕೆರೆದು ತೆಗೆದು ಮಾರಬಹುದು. ಆದರೆ ಹೀಗೆ ಸಿಕ್ಕಿದುದೆಲ್ಲ ಸಿಕ್ಕಿ, ಸಿಕ್ಕದೆ ಉಳಿದ ನಯವಾದ ಕಣಗಳು ಗಂಧಕದ ಹೊಗೆಯೊಡನೆ ಹೊಗೆಕೊಳವೆಯನ್ನೇರಿ ಹೋಗುತ್ತಿದ್ದುವು. ನೆರೆಹೊರೆಯವರ ದೂರು ಹೆಚ್ಚಿದಂತೆ ಕಂಪೆನಿಯು ಕೊಳವೆಯನ್ನು ಎತ್ತರಿಸುತ್ತ ಬಂದು, 1917ರಲ್ಲಿ 560 ಅಡಿಗೂ ಮಿಕ್ಕ ಎತ್ತರದ ಹೊಗೆಕೊಳವೆಯನ್ನು ನಿಲ್ಲಿಸಿತು. ಆ ಕಾಲದ ಜಗತ್ತಿನಲ್ಲಿ ಅಷ್ಟು ಎತ್ತರದ ಹೊಗೆಕೊಳವೆಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ಈ ಉಪಾಯದಿಂದ ಹತ್ತಿರದವರ ಕಣ್ಣುರಿ ಕೊಂಚ ಕಡಮೆಯಾದುದು ನಿಜ. ಆದರೆ ಮೇಲೇರಿದ ಒಂದು ಕಣವೂ ಲೋಕದಿಂದ ಮಾಯವಾಗಲಿಲ್ಲ. ಒಂದು ಮೈಲಿಯಲ್ಲಿ ಬೀಳಬಹುದಾಗಿದ್ದುದು ಹತ್ತಾರು ಮೈಲಿಗಳಲ್ಲಿ ಬಿದ್ದಿತು, ಅಷ್ಟೆ. ಎತ್ತರದ ಹೊಗೆಕೊಳವೆಯನ್ನು ಅಂದಿನ ಎಂಜಿನಿಯರುಗಳು ರೋಗದ ಪರಿಹಾರವೆಂದು ಭಾವಿಸಿದ್ದರು. ಅದು ರೋಗಕ್ಷೇತ್ರದ ವಿಸ್ತರಣೆಯಾಗಿದ್ದಿತೆಂದು ಇಂದು ಹೇಳಬೇಕಾಗಿದೆ.

ವಾಷಿಂಗ್ಟನ್ ರಾಜ್ಯದ ಪರಿಸರ ಇಲಾಖೆಯು ಅನಂತರ ನಡೆಸಿದ ಸಮೀಕ್ಷೆಗಳ ಮೇರೆಗೆ, ಈ ಕುಲುಮೆಯ ಆರ್ಸೆನಿಕ್ ಮತ್ತು ಸೀಸಗಳ ಗುರುತು ಪಿಯರ್ಸ್, ಕಿಂಗ್, ಕಿಟ್ಸಾಪ್, ಥರ್ಸ್ಟನ್ ಎಂಬ ಜಿಲ್ಲೆಗಳಲ್ಲಿ ಸುಮಾರು 1,000 ಚದರ ಮೈಲಿಗಳಷ್ಟು ನೆಲದ ಮೇಲ್ಪದರದಲ್ಲಿ ಕಂಡುಬರುತ್ತದೆ. ಅಲ್ಲಿ ಬೀಸುವ ಗಾಳಿಯ ದಿಕ್ಕಿಗನುಗುಣವಾಗಿ, ನಡುವೆ ನೀರಿದ್ದರೂ, ಉತ್ತರದ ವ್ಯಾಷನ್ ಮತ್ತು ಮೌರಿ ದ್ವೀಪಗಳಲ್ಲಿ ಮಾಲಿನ್ಯ ಅಧಿಕವಾಗಿದೆ. ತೋಟ ಕಾಡುಗಳ ಈ ದ್ವೀಪಗಳು ಕೊಲ್ಲಿಯಾಚೆಯ ಕುಲುಮೆಯ ಋಣವನ್ನು ಹೊರಬೇಕಾಗಿ ಬಂದಿದೆ. ಇನ್ನೂ ಒಂದು ವಿಚಿತ್ರವುಂಟು. ಉತ್ತು ಅಗೆದು ಮನೆಗಳನ್ನು ಕಟ್ಟಿದ ನೆಲಕ್ಕಿಂತ, ಮನುಷ್ಯನ ಕೈ ಸೋಕದ ಕಾಡಿನ ನೆಲದಲ್ಲಿಯೇ ಈ ಧಾತುಗಳು ಹೆಚ್ಚಾಗಿ ಉಳಿದಿರುತ್ತವೆ. ಏಕೆಂದರೆ ಸೀಸವು ಕೊಳೆತ ಎಲೆಗಳ ಮೇಲ್ಪದರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಆರ್ಸೆನಿಕ್ಕು ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡುಗಳಿಗೆ ಅಂಟಿಕೊಳ್ಳುತ್ತದೆ. ಎರಡೂ ಮಳೆನೀರಿನೊಡನೆ ಸುಲಭವಾಗಿ ಕೆಳಗಿಳಿಯುವುವಲ್ಲ, ಜೈವಿಕ ವಿಷಗಳಂತೆ ಕೊಳೆತು ನಾಶವಾಗುವುವೂ ಅಲ್ಲ. ಆದ್ದರಿಂದ ಮಾಲಿನ್ಯದ ಬಹುಭಾಗವು ಮೇಲಿನ ಅರ್ಧ ಅಡಿಯಲ್ಲಿಯೇ, ಎಂದರೆ ಮಕ್ಕಳ ಕೈಗೆ ಎಟಕುವ ಆಳದಲ್ಲಿಯೇ, ನಿಂತುಬಿಡುತ್ತದೆ. ಹೊಸ ಬಡಾವಣೆಗಾಗಿ ಕಾಡು ಕಡಿದು ನೆಲವನ್ನು ತೆರೆದಾಗ ಈ ಸಂಗತಿ ಮಹತ್ವವನ್ನು ಪಡೆಯುತ್ತದೆಂಬುದನ್ನು ವಿವರಿಸಬೇಕಾಗಿಲ್ಲ.

ಹೊಗೆಯಲ್ಲದೆ ಕಿಟ್ಟವೂ ಇದ್ದಿತು. ಲೋಹವನ್ನು ಬಸಿದುಕೊಂಡ ಮೇಲೆ ಉಳಿಯುವ ಈ ಗಾಜಿನಂಥ ಕರಿಯ ಕಲ್ಲನ್ನು ಕಂಪೆನಿಯು ಕೊಲ್ಲಿಯೊಳಕ್ಕೆ ಸುರಿದು ಒಂದು ಚಾಚುಭೂಮಿಯನ್ನೇ ನಿರ್ಮಿಸಿತು. ಜಲ್ಲಿಯಾಗಿ ಒಡೆದು ಮನೆಗಳ ಹಾದಿಗಳಿಗೂ ಅಂಗಳಗಳಿಗೂ ಮಾರಿತು. ಮರದ ದಿಮ್ಮಿಗಳನ್ನು ಪೇರಿಸುವ ಬಯಲುಗಳಲ್ಲಿ ಹಾಸಿದ ಕಿಟ್ಟದಿಂದ, ತೊಗಟೆಯ ಆಮ್ಲರಸಗಳು ತಾಗಿ, ಲೋಹಾಂಶಗಳು ಬಿಟ್ಟುಕೊಂಡು ನೀರಿಗಿಳಿದುವು. ಬೆಂಕಿಯಲ್ಲಿ ಬೆಂದುಬಂದ ಗಟ್ಟಿ ಕಲ್ಲು ನಿರುಪದ್ರವಿಯೆಂದು ತಿಳಿದಿದ್ದ ಜನಕ್ಕೆ ಇದು ಅನಿರೀಕ್ಷಿತವಾಗಿತ್ತು.

ಮಣ್ಣಿನಲ್ಲಿ ವಿಷವಿರುವುದೂ ದೇಹದಲ್ಲಿ ವಿಷವಿರುವುದೂ ಒಂದೇ ಅಲ್ಲ. ಈ ಎರಡರ ನಡುವಿನ ದಾರಿಯನ್ನು ತಿಳಿಯದೆ ಅಪಾಯವನ್ನು ಅಳೆಯಲಾಗದು, ತಡೆಯಲೂ ಆಗದು. ಮಣ್ಣನ್ನು ಬರಿಗೈಯಿಂದ ಮುಟ್ಟಿದ ಮಾತ್ರಕ್ಕೆ ಆರ್ಸೆನಿಕ್ಕಾಗಲಿ ಸೀಸವಾಗಲಿ ಚರ್ಮದ ಮೂಲಕ ಗಣನೀಯವಾಗಿ ಒಳಹೋಗುವುದಿಲ್ಲ; ಒಣನೆಲದ ಧೂಳನ್ನು ಉಸಿರಾಡುವುದರಿಂದ ಕೊಂಚ ಹೋಗುತ್ತದೆ; ಮುಖ್ಯವಾದ ದಾರಿ ಬಾಯಿ. ನೆಲದಲ್ಲಿ ಹರಿದಾಡುವ, ಸಿಕ್ಕಿದುದನ್ನೆಲ್ಲ ಬಾಯಿಗಿಟ್ಟು ಪರೀಕ್ಷಿಸುವ ಒಂದರಿಂದ ಆರು ವರ್ಷದೊಳಗಿನ ಮಗುವೇ ಇಲ್ಲಿ ಪ್ರಧಾನ ಪಾತ್ರ. ದಪ್ಪ ಮರಳಲ್ಲ, ಕೈಗೆ ಅಂಟಿಕೊಳ್ಳುವ ನುಣ್ಣನೆಯ ಹಿಟ್ಟಿನಂಥ ಮಣ್ಣೇ ಬಾಯಿಗೆ ಹೋಗುವುದು. ದುರ್ದೈವದಿಂದ ಲೋಹಾಂಶವೂ ಈ ನುಣ್ಣನೆಯ ಭಾಗದಲ್ಲಿಯೇ ಸಾಂದ್ರವಾಗಿರುತ್ತದೆ. ಅಂಗಳದ ಮಣ್ಣು ಅಂಗಳದಲ್ಲಿಯೇ ಉಳಿಯುವುದೂ ಇಲ್ಲ. ಪಾದರಕ್ಷೆಗಳಿಗೆ ಅಂಟಿ, ನಾಯಿಬೆಕ್ಕುಗಳ ಮೈಗೆ ಹತ್ತಿ, ಕಿಟಕಿಯಿಂದ ತೂರಿ ಒಳಬಂದು ರತ್ನಗಂಬಳಿಯ ನೂಲುಗಳಲ್ಲಿ ಕುಳಿತುಕೊಳ್ಳುತ್ತದೆ. ಹಳೆಯ ಮನೆಗಳ ಅಟ್ಟದ ಮೇಲೆ ಕುಲುಮೆ ನಡೆಯುತ್ತಿದ್ದ ಕಾಲದ ಧೂಳೇ ಇನ್ನೂ ಬಿದ್ದಿರುವುದುಂಟು. ಛಾವಣಿಯ ದುರಸ್ತಿಗೆ ಬಂದವರು ಅದನ್ನು ಕೆದಕಿದರೆ ಮನೆಯೆಲ್ಲ ಹರಡುತ್ತದೆ.

ಲೆಕ್ಕವನ್ನು ಒಮ್ಮೆ ಹಾಕಿ ನೋಡಬಹುದು. ಎಳೆಯ ಮಗುವೊಂದು ದಿನಕ್ಕೆ 200 ಮಿಲಿಗ್ರಾಂ ಮಣ್ಣು ಧೂಳುಗಳನ್ನು ತನಗರಿಯದೆ ನುಂಗುತ್ತದೆಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಅಪಾಯದ ಅಂದಾಜಿಗಾಗಿ ದೀರ್ಘಕಾಲ ಹಿಡಿದ ಪ್ರಮಾಣ. ಕಿಲೋಗ್ರಾಂ ಮಣ್ಣಿನಲ್ಲಿ 230 ಮಿಲಿಗ್ರಾಂ ಆರ್ಸೆನಿಕ್ ಇರುವ ಅಂಗಳದಲ್ಲಿ ಈ ಮಗುವಿನ ಹೊಟ್ಟೆಗೆ ದಿನಕ್ಕೆ 46 ಮೈಕ್ರೊಗ್ರಾಂ ಹೋಗುತ್ತದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ಎಂದರೆ ಮಿತಿಯ ಅಂಚಿನಲ್ಲಿರುವ ನೀರನ್ನು ನಾಲ್ಕೂವರೆ ಲೀಟರಿಗೂ ಮಿಗಿಲಾಗಿ ಕುಡಿದಂತಾಯಿತು. ಆದರೆ ಈ ಹೋಲಿಕೆಯನ್ನು ಅಕ್ಷರಶಃ ಹಿಡಿಯತಕ್ಕದ್ದಲ್ಲ. ನೀರಿನಲ್ಲಿ ಕರಗಿರುವ ಆರ್ಸೆನಿಕ್ ಬಹುಮಟ್ಟಿಗೆ ಪೂರ್ತಿಯಾಗಿ ರಕ್ತಕ್ಕೆ ಸೇರುತ್ತದೆ. ಮಣ್ಣಿನ ಕಣಕ್ಕೆ ಅಂಟಿರುವುದರಲ್ಲಿ ಒಂದು ಪಾಲು ಮಾತ್ರ ಜಠರದ ಆಮ್ಲದಲ್ಲಿ ಬಿಟ್ಟುಕೊಂಡು ಒಳಸೇರಿ, ಉಳಿದುದು ಹಾಗೆಯೇ ಹೊರಬೀಳುತ್ತದೆ. ಆ ಪಾಲು ಎಷ್ಟೆಂಬುದು ಕಣದ ಗಾತ್ರ, ಖನಿಜದ ರೂಪ, ಮಣ್ಣಿನ ಗುಣಗಳನ್ನವಲಂಬಿಸಿ ಊರಿಂದೂರಿಗೆ ಬೇರೆಯಾಗುವುದರಿಂದ, ಒಂದು ಕುಲುಮೆಯ ನೆರೆಯಲ್ಲಿ ಕಂಡ ಸತ್ಯವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

ಸೀಸದ ವಿಷಯದಲ್ಲಿ ಮಗುವಿನ ದೇಹವೇ ಅದರ ವೈರಿಯಾಗಿದೆ. ವಯಸ್ಕನ ಕರುಳು ತಾನು ಕಂಡ ಸೀಸದಲ್ಲಿ ಹತ್ತರಲ್ಲೊಂದು ಪಾಲನ್ನು ಹೀರಿಕೊಂಡರೆ, ಎಳೆಯ ಮಗುವಿನದು ಅರ್ಧದಷ್ಟನ್ನು ಹೀರಿಕೊಳ್ಳಬಲ್ಲದು. ಕಬ್ಬಿಣ ಸುಣ್ಣಗಳ ಕೊರತೆಯಿರುವ, ಹಸಿದ ಹೊಟ್ಟೆಯ ಮಗು ಇನ್ನೂ ಹೆಚ್ಚು. ಬಡತನವೂ ಮಾಲಿನ್ಯವೂ ಒಂದೇ ಕೇರಿಯಲ್ಲಿ ಕೂಡಿಬಂದಾಗ ಅಪಾಯವು ಇಮ್ಮಡಿಸುವುದು ಹೀಗೆ. ರಕ್ತದಲ್ಲಿ ಸೀಸದ ಅರ್ಧಾಯುಷ್ಯ ಸುಮಾರು ಒಂದು ತಿಂಗಳಾದರೆ, ಮೂಳೆಯಲ್ಲಿ ಅದು ದಶಕಗಳ ಕಾಲ ಉಳಿದು, ಗರ್ಭಾವಸ್ಥೆಯಲ್ಲಿ ಸುಣ್ಣದೊಡನೆ ಹೊರಬಂದು ಭ್ರೂಣವನ್ನು ತಲಪುತ್ತದೆ. ಬಾಲ್ಯದಲ್ಲಿ ಅದು ಮೆದುಳಿಗೆ ಮಾಡುವ ಹಾನಿ, ಎಂದರೆ ಬುದ್ಧಿಶಕ್ತಿಯ ಕುಗ್ಗುವಿಕೆ, ಅವಧಾನದ ಚಾಂಚಲ್ಯ, ಕಲಿಕೆಯ ತೊಡಕು, ಹೊರನೋಟಕ್ಕೆ ರೋಗವೆಂದು ತೋರುವುದೇ ಇಲ್ಲ. ಆಮೇಲೆ ಚಿಕಿತ್ಸೆಯಿಂದ ಸರಿಹೋಗುವುದೂ ಇಲ್ಲ. ಅಮೆರಿಕದ ಆರೋಗ್ಯಾಧಿಕಾರಿಗಳು ಕಳವಳಕ್ಕೆ ಕಾರಣವೆಂದು ಪರಿಗಣಿಸುವ ರಕ್ತದ ಸೀಸದ ಮಟ್ಟವು 1970ರಲ್ಲಿ ಡೆಸಿಲೀಟರಿಗೆ 40 ಮೈಕ್ರೊಗ್ರಾಂ ಆಗಿದ್ದುದು, 1975ರಲ್ಲಿ 30ಕ್ಕೆ, 1985ರಲ್ಲಿ 25ಕ್ಕೆ, 1991ರಲ್ಲಿ 10ಕ್ಕೆ, 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಮಕ್ಕಳ ಮೆದುಳು ಈ ಅವಧಿಯಲ್ಲಿ ಬದಲಾಗಲಿಲ್ಲ. ಬದಲಾದುದು ಹಾನಿಯನ್ನು ಕಾಣಬಲ್ಲ ನಮ್ಮ ಶಕ್ತಿ. ಇಷ್ಟರಮಟ್ಟಿಗೆ ನಿರಪಾಯವೆಂದು ನಿಶ್ಚಯಿಸಬಲ್ಲ ಕನಿಷ್ಠ ಮಟ್ಟವು ಸೀಸಕ್ಕೆ ಇದುವರೆಗೆ ಸಿಕ್ಕಿಲ್ಲ.

ಆರ್ಸೆನಿಕ್ಕಿನ ಕಾರ್ಯವಿಧಾನ ಬೇರೆ. ದೀರ್ಘಕಾಲ ಅಲ್ಪಾಲ್ಪವಾಗಿ ಸೇವಿಸಿದವರಲ್ಲಿ ಅಂಗೈ ಅಂಗಾಲುಗಳ ಚರ್ಮ ದಪ್ಪಗಟ್ಟಿ ಗಂಟುಗಳೇಳುತ್ತವೆ, ಮೈಮೇಲೆ ಕಪ್ಪು ಬಿಳಿಯ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ, ರಕ್ತನಾಳಗಳು ಕೆಡುತ್ತವೆ, ಚರ್ಮ, ಶ್ವಾಸಕೋಶ, ಮೂತ್ರಕೋಶಗಳ ಅರ್ಬುದವನ್ನು ಅದು ಉಂಟುಮಾಡುತ್ತದೆಂಬುದು ಸಂದೇಹಾತೀತವಾಗಿ ಸ್ಥಾಪಿತವಾಗಿದೆ. ಒಳಹೋದ ಆರ್ಸೆನಿಕ್ಕಿನ ಬಹುಭಾಗ ಕೆಲವೇ ದಿನಗಳಲ್ಲಿ ಮೂತ್ರದೊಡನೆ ಹೊರಬರುವುದರಿಂದ ಮೂತ್ರಪರೀಕ್ಷೆಯು ಈಚಿನ ಎರಡು ಮೂರು ದಿನಗಳ ಕಥೆಯನ್ನಷ್ಟೇ ಹೇಳಬಲ್ಲದು. ಕೂದಲು ಉಗುರುಗಳು ತಿಂಗಳುಗಳ ಕಥೆಯನ್ನು ಹೇಳುತ್ತವೆ. ಮೀನು ಸಿಗಡಿಗಳನ್ನು ತಿಂದವರ ಮೂತ್ರದಲ್ಲಿ ನಿರಪಾಯಕರವಾದ ಬೇರೊಂದು ರೂಪದ ಆರ್ಸೆನಿಕ್ ಕಾಣಿಸಿಕೊಂಡು ಪರೀಕ್ಷೆಯನ್ನು ದಿಕ್ಕುಗೆಡಿಸುವುದುಂಟು. ಕಡಲತೀರದ ಟಕೋಮಾದಲ್ಲಿ ಇದು ಸಣ್ಣ ತೊಡಕಲ್ಲ.

ಈ ಊರಿನ ಜನರನ್ನು ಪರೀಕ್ಷಿಸಿದ ಅಧ್ಯಯನಗಳು ಹಲವು. 1970ರ ದಶಕದ ಆದಿಭಾಗದಲ್ಲಿ ರಾಜ್ಯದ ಆರೋಗ್ಯ ಇಲಾಖೆಯ ಸ್ಯಾಮ್ಯುಯೆಲ್ ಮಿಲ್ಹಾಮ್ ಎಂಬ ವೈದ್ಯರು ರಸ್ಟನ್ನಿನ ಮಕ್ಕಳ ಮೂತ್ರ ಮತ್ತು ಕೂದಲುಗಳಲ್ಲಿ ಆರ್ಸೆನಿಕ್ಕು ಅಧಿಕವಾಗಿರುವುದನ್ನೂ, ಹೊಗೆಕೊಳವೆಯಿಂದ ದೂರ ಸರಿದಂತೆಲ್ಲ ಅದು ಇಳಿಯುವುದನ್ನೂ ತೋರಿಸಿದರು. ಕುಲುಮೆಯ ಕಾರ್ಮಿಕರನ್ನು ಕುರಿತು ಫಿಲಿಪ್ ಎಂಟರ್‌ಲೈನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು ಆರ್ಸೆನಿಕ್ಕಿಗೂ ಶ್ವಾಸಾಂಗಗಳ ಅರ್ಬುದಕ್ಕೂ ಇರುವ ಸಂಬಂಧಕ್ಕೆ ಆಧಾರಭೂತವಾದ ಸಾಕ್ಷ್ಯಗಳಲ್ಲೊಂದಾಗಿದೆ. ಕುಲುಮೆ ನಿಂತ ತರುವಾಯ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ರಸ್ಟನ್ ಮತ್ತು ವ್ಯಾಷನ್ ನಿವಾಸಿಗಳಲ್ಲಿ ನಡೆಸಿದ ಪರಿಶೋಧನೆಯು, ಮೂತ್ರದಲ್ಲಿ ಆರ್ಸೆನಿಕ್ಕು ಏರಿರುವುದು ಮುಖ್ಯವಾಗಿ ಕಾರ್ಖಾನೆಗೆ ಅರ್ಧ ಮೈಲಿಯೊಳಗಿನ ಎಳೆಯ ಮಕ್ಕಳಲ್ಲಿ ಎಂದೂ, ಅದಕ್ಕೆ ಕಾರಣ ಕೈಯಿಂದ ಬಾಯಿಗೆ ಹೋಗುವ ಮಣ್ಣೇ ಎಂದೂ ಕಂಡುಕೊಂಡಿತು. ಇತ್ತ, ಕುಲುಮೆಯ ನೆರೆಯಲ್ಲಿ ವಾಸಿಸಿದ ಸ್ತ್ರೀಯರ ಶ್ವಾಸಕೋಶದ ಅರ್ಬುದವನ್ನು ಕುರಿತ ಶೋಧನೆಯಲ್ಲಿ ಸ್ಪಷ್ಟವಾದ ಸಂಬಂಧವೇನೂ ತೋರಲಿಲ್ಲ. ಇದನ್ನು ಹಿಡಿದು ನೆರೆಯವರಿಗೆ ಅಪಾಯವೇ ಇಲ್ಲವೆಂದು ವಾದಿಸುವವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಕೆಲವೇ ಸಾವಿರ ಜನರಿರುವ ಊರಿನಲ್ಲಿ, ಜನ ಬರುತ್ತ ಹೋಗುತ್ತ ಇರುವಲ್ಲಿ, ಧೂಮಪಾನವೊಂದೇ ಇತರ ಕಾರಣಗಳನ್ನೆಲ್ಲ ಮರೆಮಾಡಬಲ್ಲಾಗ, ಸಣ್ಣ ಪ್ರಮಾಣದ ಹೆಚ್ಚಳವನ್ನು ಅಂಕಿಸಂಖ್ಯೆಗಳಲ್ಲಿ ಹಿಡಿಯುವುದು ದುಸ್ಸಾಧ್ಯ. ಕಾಣಲಿಲ್ಲ ಎಂಬುದನ್ನು ಇಲ್ಲ ಎಂದು ಓದುವುದು ತಪ್ಪು; ಕಾಣದಿದ್ದರೂ ಇದ್ದೇ ಇದೆ ಎಂದು ಹಟಹಿಡಿಯುವುದೂ ಶಾಸ್ತ್ರವಲ್ಲ.

1983ರಲ್ಲಿ ಈ ಅನಿಶ್ಚಯವೇ ರಾಷ್ಟ್ರದ ಚರ್ಚೆಯಾಯಿತು. ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ವಿಲಿಯಂ ರಕಲ್‌ಷಾಸ್, ಗಾಳಿಗೆ ಸೇರುವ ಆರ್ಸೆನಿಕ್ಕಿಗೆ ಮಿತಿಯನ್ನು ವಿಧಿಸುವ ಮೊದಲು, ತೀರ್ಮಾನದ ಕಷ್ಟವನ್ನು ಟಕೋಮಾದ ಜನರೊಡನೆ ಹಂಚಿಕೊಳ್ಳಲು ನಿರ್ಧರಿಸಿದರು. ಅಧಿಕಾರಿಗಳ ಮೊದಲ ಅಂದಾಜಿನಂತೆ, ಹೊಗೆಯಿಂದ ವರ್ಷಕ್ಕೆ ಹೆಚ್ಚೆಂದರೆ ನಾಲ್ವರು ಶ್ವಾಸಕೋಶದ ಅರ್ಬುದಕ್ಕೆ ತುತ್ತಾಗಬಹುದಾಗಿತ್ತು. ಲಭ್ಯವಿದ್ದ ಉತ್ತಮ ಉಪಕರಣಗಳನ್ನು ಅಳವಡಿಸಿದರೂ ಒಬ್ಬರು ಉಳಿಯುತ್ತಿದ್ದರು. ಅದಕ್ಕೂ ಮೀರಿ ಬಿಗಿಮಾಡಿದರೆ ಕಾರ್ಖಾನೆ ಮುಚ್ಚಿ ಸುಮಾರು 570 ಮಂದಿಯ ಉದ್ಯೋಗ ಹೋಗುವಂತಿತ್ತು. ಈ ಅಂದಾಜುಗಳು ಮುಂದೆ ಪರಿಷ್ಕೃತವಾಗಿ ಇನ್ನೂ ಕೆಳಗಿಳಿದುವು. ಒಂದು ಜೀವಕ್ಕೂ ಒಂದು ಜೀವನೋಪಾಯಕ್ಕೂ ತಕ್ಕಡಿ ಹಿಡಿಯಿರೆಂದು ಜನರನ್ನೇ ಕೇಳುವುದು ಅಧಿಕಾರಿಯ ಕರ್ತವ್ಯಚ್ಯುತಿಯೆಂದು ನ್ಯೂಯಾರ್ಕಿನ ಪ್ರಮುಖ ಪತ್ರಿಕೆಯೊಂದು ಅವರನ್ನು ರೋಮಿನ ಸೀಸರನಿಗೆ ಹೋಲಿಸಿ ಖಂಡಿಸಿತು. ಸಭೆಗಳಿಗೆ ಬಂದ ಊರಿನ ಜನರಲ್ಲಿ ಕೆಲವರು ತಮ್ಮ ಅಂಗಿಗೆ ‘ಎರಡೂ’ ಎಂಬ ಬಿಲ್ಲೆಯನ್ನು ಸಿಕ್ಕಿಸಿಕೊಂಡಿದ್ದರು: ಆರೋಗ್ಯವೂ ಬೇಕು, ಕೆಲಸವೂ ಬೇಕು. ಪ್ರಶ್ನೆಯನ್ನು ಹಾಕಿದ ರೀತಿಯೇ ಸರಿಯಲ್ಲವೆಂದು ಹೇಳಲು ಇದಕ್ಕಿಂತ ಸಭ್ಯವಾದ ಮಾರ್ಗ ಅವರಿಗೆ ಇದ್ದಿರಲಾರದು. ಕೊನೆಗೆ ತೀರ್ಪು ಬಂದುದು ಬೇರೆ ಕಡೆಯಿಂದ: ತಾಮ್ರದ ಬೆಲೆ ಕುಸಿದು, ಕಂಪೆನಿಯು 1984ರಲ್ಲಿ ಮುಚ್ಚುವ ನಿರ್ಧಾರವನ್ನು ಸಾರಿ, 1985ರ ಮಾರ್ಚಿನಲ್ಲಿ ಕುಲುಮೆಯನ್ನು ಆರಿಸಿತು. ಇಷ್ಟೆಲ್ಲ ಚರ್ಚೆಯಲ್ಲಿ ಪ್ರಧಾನವಾಗಿದ್ದುದು ಗಾಳಿ; ಅದಾಗಲೇ ಕಾಲಡಿಯಲ್ಲಿ ಬಿದ್ದಿದ್ದ ಮಣ್ಣಿನ ಸರದಿ ಆಮೇಲೆ ಬಂದಿತು.

ಮಣ್ಣಿನ ಶುದ್ಧೀಕರಣದ ಕಥೆಯು ಸಂಖ್ಯೆಗಳ ಕಥೆ. ಸೂಪರ್‌ಫಂಡ್ ಎಂದು ಹೆಸರಾದ ಕಾನೂನಿನ ಮೇರೆಗೆ 1983ರಲ್ಲಿಯೇ ಕಮೆನ್ಸ್‌ಮೆಂಟ್ ಕೊಲ್ಲಿಯ ಪ್ರದೇಶವು ರಾಷ್ಟ್ರೀಯ ಆದ್ಯತೆಯ ಪಟ್ಟಿಗೆ ಸೇರಿದ್ದಿತು. ಬೃಹತ್ ಹೊಗೆಕೊಳವೆಯನ್ನು ಸಾವಿರಾರು ಪ್ರೇಕ್ಷಕರ ಕಣ್ಣೆದುರಿಗೆ ಸಿಡಿಮದ್ದಿನಿಂದ ಉರುಳಿಸಿದುದು 1993ರ ಜನವರಿ 17ರಂದು. ಅದೇ ವರ್ಷ ರಸ್ಟನ್ ಮತ್ತು ಉತ್ತರ ಟಕೋಮಾದ ಸುಮಾರು 950 ಎಕರೆ ನಿವಾಸಭೂಮಿಗೆ ಸಂಬಂಧಿಸಿದ ನಿರ್ಣಯ ಹೊರಬಿದ್ದಿತು. ಅದರಂತೆ ಕಿಲೋಗ್ರಾಂ ಮಣ್ಣಿನಲ್ಲಿ ಆರ್ಸೆನಿಕ್ಕು 230 ಮಿಲಿಗ್ರಾಂ, ಇಲ್ಲವೆ ಸೀಸವು 500 ಮಿಲಿಗ್ರಾಂ ಮೀರಿದ ಅಂಗಳಗಳನ್ನು ಸಾಮಾನ್ಯವಾಗಿ ಒಂದೂವರೆ ಅಡಿಯವರೆಗೆ ಅಗೆದು ತೆಗೆದು, ಶುದ್ಧವಾದ ಮಣ್ಣನ್ನು ತುಂಬಿ, ಹುಲ್ಲುಹಾಸು ಗಿಡಗಳನ್ನು ಮತ್ತೆ ನೆಟ್ಟುಕೊಡಲಾಯಿತು. ಅಗೆದ ಮಣ್ಣು, ಕೆಡವಿದ ಕಟ್ಟಡಗಳ ಅವಶೇಷ, ಎಲ್ಲವೂ ಕಾರ್ಖಾನೆಯ ನಿವೇಶನದಲ್ಲಿಯೇ ನೀರಿಳಿಯದ ಹಾಸುಹೊದಿಕೆಗಳ ನಡುವೆ ಹೂಳಲ್ಪಟ್ಟುವು. ಕಿಟ್ಟದ ಚಾಚುಭೂಮಿಯನ್ನು ಮುಚ್ಚಿ ಉದ್ಯಾನವಾಗಿ ಮಾಡಿ, ಟಕೋಮಾದಲ್ಲಿ ಹುಟ್ಟಿದ ಕಾದಂಬರಿಕಾರ ಫ್ರಾಂಕ್ ಹರ್ಬರ್ಟನ ಪ್ರಸಿದ್ಧ ಕೃತಿಯ ನೆನಪಿಗೆ ಡ್ಯೂನ್ ಪರ್ಯಾಯದ್ವೀಪವೆಂದು ಹೆಸರಿಟ್ಟು 2019ರಲ್ಲಿ ತೆರೆದರು. ಕುಲುಮೆಯಿದ್ದ ದಂಡೆಯ ಮೇಲೆ ಈಗ ಬೆಲೆಬಾಳುವ ವಸತಿಗೃಹಗಳೂ ಅಂಗಡಿಗಳೂ ಎದ್ದಿವೆ.

230 ಎಂಬ ಸಂಖ್ಯೆಯು ಪ್ರಕೃತಿಯಿಂದ ಬಂದುದಲ್ಲ. ಅದೇ ವಾಷಿಂಗ್ಟನ್ ರಾಜ್ಯದ ಸ್ವಂತ ಕಾನೂನು ನಿವಾಸಭೂಮಿಗೆ ಹಾಕಿರುವ ಮಟ್ಟ ಆರ್ಸೆನಿಕ್ಕಿಗೆ 20, ಸೀಸಕ್ಕೆ 250. ಒಂದೇ ನೆಲ, ಒಂದೇ ಮಗು. ಎರಡು ಸರಕಾರಗಳ ಎಣಿಕೆಯಲ್ಲಿ ಹನ್ನೊಂದು ಪಟ್ಟಿಗೂ ಹೆಚ್ಚಿನ ಅಂತರ. ರಾಜ್ಯದ ಮಟ್ಟವು ಹೆಚ್ಚು ಕಡಮೆ ಸಹಜ ಮಣ್ಣಿನ ಹಿನ್ನೆಲೆಯ ಸಮೀಪದಲ್ಲಿ ನಿಂತರೆ, ಕೇಂದ್ರದ ಮಟ್ಟವು ಅಪಾಯ, ವೆಚ್ಚ, ಕಾರ್ಯಸಾಧ್ಯತೆಗಳ ಹೊಂದಾಣಿಕೆಯಿಂದ ಹುಟ್ಟಿದುದು. ಸೀಸದಲ್ಲಿಯೂ ಹೀಗೆಯೇ: ಕೇಂದ್ರದ ಸಂಸ್ಥೆಯು ದೀರ್ಘಕಾಲ 400 ಎಂದು ಹಿಡಿದಿದ್ದ ಪರಿಶೀಲನಾ ಮಟ್ಟವನ್ನು 2024ರಲ್ಲಿ 200ಕ್ಕೆ ಇಳಿಸಿತು, ಹಿಂದಿನ ದಿನ ನಿರಾತಂಕವಾಗಿದ್ದ ಅಂಗಳಗಳು ಮರುದಿನ ಸಂಶಯಕ್ಕೊಳಗಾದುವು. ತಮ್ಮ ಅಂಗಳ ‘ಸುರಕ್ಷಿತ’ವೇ ಎಂದು ಕೇಳುವ ಗೃಹಸ್ಥರಿಗೆ ಒಂದಂಕಿಯ ಉತ್ತರವನ್ನು ಕೊಡುವ ಅಧಿಕಾರಿಯು, ಆ ಅಂಕಿಯನ್ನು ಯಾರು ಯಾವ ಆಧಾರದಿಂದ ಗೊತ್ತುಮಾಡಿದರೆಂಬುದನ್ನೂ ಜೊತೆಯಲ್ಲಿಯೇ ಹೇಳುವುದು ನ್ಯಾಯ.

ಟಕೋಮಾದಲ್ಲಿ ಆರ್ಸೆನಿಕ್ಕು ಪ್ರಧಾನವಾದರೆ, ಪಕ್ಕದ ಐಡಹೊ ರಾಜ್ಯದ ಕೆಲ್ಲಾಗ್ ಎಂಬಲ್ಲಿಯ ಬಂಕರ್ ಹಿಲ್ ಕುಲುಮೆಯಲ್ಲಿ ಸೀಸವೇ ಸರ್ವಸ್ವ. ಅಲ್ಲಿ ನಡೆದುದು ಇನ್ನೂ ಘೋರ. 1973ರ ಸೆಪ್ಟೆಂಬರಿನಲ್ಲಿ ಹೊಗೆಯನ್ನು ಸೋಸುವ ಬಟ್ಟೆಚೀಲಗಳ ಮನೆಗೆ ಬೆಂಕಿ ಬಿದ್ದು ಶೋಧಕದ ಬಹುಭಾಗ ನಾಶವಾಯಿತು. ಸೀಸಕ್ಕೆ ಒಳ್ಳೆಯ ಬೆಲೆಯಿದ್ದ ಆ ದಿನಗಳಲ್ಲಿ ಕಂಪೆನಿಯು ಕೆಲಸವನ್ನು ನಿಲ್ಲಿಸದೆ ತಿಂಗಳುಗಟ್ಟಲೆ ಮುಂದುವರಿಸಿತು. 1974ರಲ್ಲಿ ಪರೀಕ್ಷಿಸಿದಾಗ, ಕುಲುಮೆಯಿಂದ ಒಂದು ಮೈಲಿಯೊಳಗಿನ ಮಕ್ಕಳಲ್ಲಿ ಹೆಚ್ಚು ಕಡಮೆ ಎಲ್ಲರ ರಕ್ತದಲ್ಲಿಯೂ ಸೀಸವು 40 ಮೈಕ್ರೊಗ್ರಾಮನ್ನು ಮೀರಿದ್ದಿತು. ಒಂದು ಮಗುವಿನಲ್ಲಿ 164. ಆಗಿನ ಉದಾರವಾದ ಮಿತಿಯೇ 40 ಎಂಬುದನ್ನು ನೆನೆದರೆ ಇದರ ಭೀಕರತೆ ಅರ್ಥವಾದೀತು. ಕುಲುಮೆ 1981ರಲ್ಲಿ ಮುಚ್ಚಿತು. ಅನಂತರ 21 ಚದರ ಮೈಲಿಗಳ ಪ್ರದೇಶದಲ್ಲಿ, ಅಂಗಳಗಳ ಮೇಲಿನ ಒಂದು ಅಡಿ ಮಣ್ಣನ್ನು ಬದಲಾಯಿಸಿ, ಕೆಳಗೆ ಉಳಿದ ಮಲಿನಮಣ್ಣನ್ನು ಅಗೆಯುವವರಿಗೆ ತಿಳಿಯುವಂತೆ ಗುರುತಿನ ಹಾಸನ್ನು ಹಾಕಿ, ಮುಂದೆ ಯಾರು ಗುಂಡಿ ತೋಡಿದರೂ ಆರೋಗ್ಯಾಧಿಕಾರಿಗಳ ಅನುಮತಿ ಪಡೆಯಬೇಕೆಂಬ ಶಾಶ್ವತವಾದ ವ್ಯವಸ್ಥೆಯನ್ನು ಮಾಡಿದರು. ಮಕ್ಕಳ ರಕ್ತದ ಸೀಸವು ಅದರಿಂದ ಗಣನೀಯವಾಗಿ ಇಳಿಯಿತು. ಮಣ್ಣನ್ನು ಬದಲಿಸುವುದು ದುಂದುವೆಚ್ಚವೆಂದು ಹೇಳುವವರಿಗೆ ಕೆಲ್ಲಾಗ್ ಊರೇ ಉತ್ತರ.

ಇತರ ಸ್ಥಳಗಳನ್ನು ಸೂಚಿಸಿದರೆ ಸಾಕು. ಇಂಡಿಯಾನ ರಾಜ್ಯದ ಈಸ್ಟ್ ಷಿಕಾಗೋದಲ್ಲಿ ಹಳೆಯ ಸೀಸದ ಕಾರ್ಖಾನೆಯ ನೆಲದ ಮೇಲೆಯೇ ಬಡವರಿಗಾಗಿ ವೆಸ್ಟ್ ಕ್ಯಾಲುಮೆಟ್ ಎಂಬ ಸರಕಾರಿ ವಸತಿಯನ್ನು ಕಟ್ಟಿ, 2016ರಲ್ಲಿ ಸಾವಿರಕ್ಕೂ ಹೆಚ್ಚು ನಿವಾಸಿಗಳನ್ನು ಮನೆ ಬಿಟ್ಟು ಹೋಗಿರೆಂದು ಹೇಳಬೇಕಾಯಿತು. ಜಾಂಬಿಯಾ ದೇಶದ ಕಾಬ್ವೆಯಲ್ಲಿ 1994ರಲ್ಲಿ ಮುಚ್ಚಿದ ಸೀಸದ ಗಣಿ ಮತ್ತು ಕುಲುಮೆಗಳ ಧೂಳು ಇಂದಿಗೂ ಅಲ್ಲಿಯ ಮಕ್ಕಳ ರಕ್ತವನ್ನು ಸೇರುತ್ತಿದೆ. ಟಕೋಮಾದಲ್ಲಿ ದೊರೆತ ಹಣವಾಗಲಿ ಕಾನೂನಿನ ಬಲವಾಗಲಿ ಅವರಿಗೆ ದೊರೆತಿಲ್ಲ. ಕನ್ನಡನಾಡಿನಲ್ಲಿ ಈ ವಿಷಯದ ಅರಿವಿಗೆ ಕಾರಣವಾದುದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಅವರ ನೇತೃತ್ವದಲ್ಲಿ ನಡೆದ ಸೀಸವಿಷದ ಪರೀಕ್ಷೆ ಮತ್ತು ಪ್ರಚಾರಕಾರ್ಯ. ಯಾದಗಿರಿ ಜಿಲ್ಲೆಯಲ್ಲಿ ಹಳೆಯ ಚಿನ್ನದ ಗಣಿಗಳ ನೆರೆಯ ಕಿರದಳ್ಳಿ ತಾಂಡದಲ್ಲಿ ಆರ್ಸೆನಿಕ್ಕಿನ ಚರ್ಮರೋಗ ಪತ್ತೆಯಾದುದೂ ಉಂಟು, ಆದರೆ ಅಲ್ಲಿ ದೇಹಕ್ಕೆ ದಾರಿಯಾದುದು ಮುಖ್ಯವಾಗಿ ಕುಡಿಯುವ ನೀರು.

ಗೃಹಸ್ಥರು ಸ್ವತಃ ಕೈಗೊಳ್ಳಬಹುದಾದ ಕ್ರಮಗಳು ಸರಳವಾಗಿವೆ. ಊಟಕ್ಕೆ ಮುನ್ನ ಮಕ್ಕಳ ಕೈಗಳನ್ನು ತೊಳೆಯುವುದು, ಪಾದರಕ್ಷೆಗಳನ್ನು ಹೊರಗೆ ಬಿಡುವುದು, ಒಣಗುಡಿಸುವ ಬದಲು ಒದ್ದೆಬಟ್ಟೆಯಿಂದ ಒರಸುವುದು, ಬರಿಯ ನೆಲವನ್ನು ಹುಲ್ಲಿನಿಂದಲೋ ಮರದ ಚಕ್ಕೆಗಳಿಂದಲೋ ಮುಚ್ಚುವುದು. ಮೊದಲೆರಡಕ್ಕೆ ನಮ್ಮ ಮನೆಗಳ ಹಿರಿಯರು ಯಾವ ಇಲಾಖೆಯ ಆದೇಶವನ್ನೂ ಕಾಯುತ್ತಿರಲಿಲ್ಲ. ಕೈತೋಟದ ವಿಷಯದಲ್ಲಿ ಭಯ ಅತಿಯಾಗಿದೆ. ಗಿಡಗಳು ಸೀಸ ಆರ್ಸೆನಿಕ್‌ಗಳನ್ನು ಬೇರಿನಿಂದ ಹೀರಿ ಹಣ್ಣಿಗೆ ಮುಟ್ಟಿಸುವುದು ಅತ್ಯಲ್ಪ. ಸೊಪ್ಪಿನ ಮೇಲೂ ಗೆಡ್ಡೆಯ ಸಿಪ್ಪೆಯ ಮೇಲೂ ಅಂಟಿದ ಮಣ್ಣೇ ನಿಜವಾದ ಅಪಾಯ, ಅದನ್ನು ತೊಳೆದು ಸಿಪ್ಪೆ ಹೆರೆದರೆ ಬಹುಪಾಲು ಕಳೆಯಬಹುದು. ಎತ್ತರಿಸಿದ ಮಡಿಯಲ್ಲಿ ಹೊರಗಿನ ಶುದ್ಧ ಮಣ್ಣನ್ನು ತುಂಬಿ ಬೆಳೆಯುವುದು ಇನ್ನೂ ಲೇಸು. ಆದರೆ ಗೊಬ್ಬರದಿಂದ ಮಣ್ಣನ್ನು ಗುಣಪಡಿಸುವೆನೆಂದು ಹೊರಟವರು ಜಾಗರೂಕರಾಗಿರಬೇಕು. ಸೀಸವನ್ನು ಕರಗದಂತೆ ಕಟ್ಟಿಹಾಕಲು ಫಾಸ್ಫೇಟು ಒಳ್ಳೆಯದು. ಅದೇ ಫಾಸ್ಫೇಟು ಆರ್ಸೆನಿಕ್ಕನ್ನು ಅದರ ಸ್ಥಾನದಿಂದ ತಳ್ಳಿ ಸಡಿಲಗೊಳಿಸುತ್ತದೆ. ಸುಣ್ಣದ ನಡತೆಯೂ ಬಹುಮಟ್ಟಿಗೆ ಹೀಗೆಯೇ. ಎರಡು ವಿಷಗಳೂ ಕೂಡಿರುವ ಟಕೋಮಾದಂಥ ನೆಲದಲ್ಲಿ ಒಂದರ ಮದ್ದು ಇನ್ನೊಂದರ ಬಿಡುಗಡೆಯಾಗುತ್ತದೆ.

ಅಸಾರ್ಕೋ ಕಂಪೆನಿಯು 2005ರಲ್ಲಿ ದಿವಾಳಿಯನ್ನು ಘೋಷಿಸಿತು. ದೇಶಾದ್ಯಂತ ಅದು ಬಿಟ್ಟುಹೋದ ಮಾಲಿನ್ಯಕ್ಕಾಗಿ 2009ರಲ್ಲಿ ಆದ ಇತ್ಯರ್ಥದ ಮೊತ್ತ ಸುಮಾರು 179 ಕೋಟಿ ಡಾಲರ್. ಅದರಲ್ಲಿ ಟಕೋಮಾ ಕುಲುಮೆಯ ಹೊಗೆ ಹರಡಿದ ವಿಶಾಲಪ್ರದೇಶಕ್ಕೆ ದೊರೆತುದು ಸುಮಾರು ಒಂಬತ್ತೂವರೆ ಕೋಟಿ. ಶಾಲೆಗಳ ಮತ್ತು ಶಿಶುವಿಹಾರಗಳ ಆಟದ ನೆಲವನ್ನು ಪರೀಕ್ಷಿಸಿ ಸರಿಪಡಿಸಬೇಕೆಂದು ರಾಜ್ಯದ ಶಾಸನಸಭೆಯು 2005ರಲ್ಲಿ ವಿಧಿಸಿದ್ದಿತು. ಆ ಕೆಲಸವೂ, ಅತಿ ಮಲಿನವಾದ ಅಂಗಳಗಳ ಬದಲಾವಣೆಯೂ ಈ ಹಣದಿಂದ ನಡೆದುವು. ಸಾವಿರ ಚದರ ಮೈಲಿಗಳಿಗೆ ಈ ಹಣ ಸಾಲದಾದುದರಿಂದ, ರಾಜ್ಯವು ತನ್ನ ಕಾನೂನಿನ 20ನ್ನು ಬದಿಗಿಟ್ಟು, ಸರಾಸರಿ 100 ಮಿಲಿಗ್ರಾಮಿಗೂ ಹೆಚ್ಚು ಆರ್ಸೆನಿಕ್ ಇರುವ ಅಂಗಳಗಳನ್ನು ಮಾತ್ರ ಅಗೆಸಲು ಗೊತ್ತುಮಾಡಿತು. ಈ ಎರಡು ಸಂಖ್ಯೆಗಳ ನಡುವೆ ಬೀಳುವ ಮನೆಗಳೇ ಹೆಚ್ಚು. ಅಲ್ಲಿಯ ಮಣ್ಣನ್ನು ತೆಗೆಸುವ ಹೊಣೆಯನ್ನು ಯಾರೂ ವಹಿಸಿಕೊಂಡಿಲ್ಲ, ಅದರಿಂದ ಮಕ್ಕಳನ್ನು ಕಾಯುವ ಕೆಲಸವು ಆಯಾ ಮನೆಯವರಿಗೇ ಉಳಿದಿದೆ.